ಗೋಡೆಯ ಸ್ವಿಚ್ಚಿಗೂ ಕೆಲಸ ಇರಲಿ

ಬಾಡಿಗೆ ಮನೆಯನ್ನು ಸ್ಮಾರ್ಟ್ ಮಾಡೋದು ಹೇಗೆ ಅಂತ ಹೇಳುವ ಯಾವ ವಿಡಿಯೋ ನೋಡಿದರೂ ಮೊದಲ ಸಲಹೆ ಬಹುತೇಕ ಒಂದೇ: ಗೋಡೆ ಮುಟ್ಟಬೇಡಿ, ಬಲ್ಬ್ ಬದಲಾಯಿಸಿ. ಮನೆ ಖಾಲಿ ಮಾಡುವಾಗ ಬಿಚ್ಚಿಕೊಂಡು ಹೋಗಬಹುದು, ಅಡ್ವಾನ್ಸ್ ದುಡ್ಡಿಗೂ ಕತ್ತರಿ ಬೀಳಲ್ಲ. ಹಾಸನದ ಬಾಡಿಗೆ ಮನೆಗೆ ನಾನೂ ಹಾಗೇ ಆರು ವೈಫೈ ಬಲ್ಬ್ ತಂದು ಹಾಕಿದೆ. ಮೊಬೈಲಿನಲ್ಲೇ ಆನ್, ಆಫ್, ಮಂದ ಬೆಳಕು, ನೀಲಿ ಬೆಳಕು. (ನೀಲಿ ಯಾಕೆ ಬೇಕಿತ್ತೋ, ಇವತ್ತಿಗೂ ಗೊತ್ತಿಲ್ಲ.) ಒಂದು ತಿಂಗಳು ಖುಷಿಯಾಗಿದ್ದೆ.

ಆಮೇಲೆ ಅರಕಲಗೂಡು ಕಡೆಯ ನಮ್ಮೂರಿಂದ ಅಮ್ಮ ಬಂದಳು. ರೂಮಿಂದ ಹೊರಗೆ ಕಾಲಿಡುವಾಗ ಸ್ವಿಚ್ ಆರಿಸೋದು ಅವಳ ಕೈಗೇ ಅಂಟಿದ ಅಭ್ಯಾಸ. ಗೋಡೆಯಲ್ಲಿ ಆರಿಸಿದರೆ ಬಲ್ಬಿನೊಳಗಿನ ವೈಫೈಗೂ ಕರೆಂಟಿಲ್ಲ. ಮೊಬೈಲಿನ ಪಾಲಿಗೆ ಅದು ಸತ್ತಂತೆ. ದಿನಾ ಇದೇ ಆಗಿ, ನಾನು ಸ್ವಿಚ್ಚುಗಳ ಮೇಲೆ ಟೇಪ್ ಅಂಟಿಸಿಬಿಟ್ಟೆ. ಒಂದು ಸಂಜೆ ಏಳೂವರೆಗೆ ಮನೆಗೆ ಬಂದರೆ ಅಮ್ಮ ಕತ್ತಲಲ್ಲಿ ಕೂತಿದ್ದಾಳೆ. ‘ನಿನ್ ಲೈಟು, ನಾ ಮುಟ್ಟಿ ಕೆಟ್ಟೋದ್ರೆ ಅಂತ ಸುಮ್ನಿದ್ದೆ ಕಣಪ್ಪ’ ಅಂದಳು. ಬಿಇ ಓದಿ ಹತ್ತು ವರ್ಷ ಸಾಫ್ಟ್‌ವೇರ್ ಬರೆದವನು ಮನೆಯಲ್ಲಿ ಮಾಡಿದ ಸಾಧನೆ ಇದು.

ತಪ್ಪು ನನ್ನದೇ, ನಿಜ. ಆದರೆ ಆ ಸಲಹೆಯನ್ನೂ ಸ್ವಲ್ಪ ಕೆದಕಿ ನೋಡಬೇಕು. ಅಮೆರಿಕದ ಎಷ್ಟೋ ಹಳೇ ಮನೆಗಳಲ್ಲಿ ಸ್ವಿಚ್ಚಿನ ಹಿಂದೆ ನ್ಯೂಟ್ರಲ್ ತಂತಿ ಇರೋದಿಲ್ಲ. ನ್ಯೂಟ್ರಲ್ ಇಲ್ಲದೆ ಸ್ವಿಚ್ಚಿನ ಹಿಂದೆ ಪುಟ್ಟ ರಿಲೇ ಕೂರಿಸೋದು ತಲೆನೋವು, ಅಲ್ಲಿನ ಬಾಡಿಗೆದಾರರಿಗೆ ಬಲ್ಬೇ ಸುಲಭ. ನಮ್ಮ ಮನೆಗಳ ಕಥೆ ಬೇರೆ. ನಮ್ಮ ಸ್ವಿಚ್‌ಬೋರ್ಡಿನಲ್ಲಿ ಸಾಮಾನ್ಯವಾಗಿ ಪಕ್ಕದಲ್ಲೇ ಒಂದು ಪ್ಲಗ್ ಪಾಯಿಂಟ್ ಇರುತ್ತೆ. ಪ್ಲಗ್ ಇದ್ದ ಮೇಲೆ ನ್ಯೂಟ್ರಲ್ ಬಂದಿರಲೇಬೇಕು. ಹೊಳೆನರಸೀಪುರದಲ್ಲಿ ಗೆಳೆಯನ ಹಳೇ ಮನೆ ಬಿಚ್ಚಿ ನೋಡಿದಾಗ, ಒಂಟಿ ಸ್ವಿಚ್ ಇದ್ದ ಬಚ್ಚಲಲ್ಲಿ ಮಾತ್ರ ನ್ಯೂಟ್ರಲ್ ಸಿಗಲಿಲ್ಲ, ಉಳಿದ ಕಡೆಯೆಲ್ಲ ಇತ್ತು. ಯಾರದೋ ಮನೆಯ ವೈರಿಂಗಿಗೆ ಬರೆದ ಔಷಧಿಯನ್ನು ನಾವು ಕುಡಿಯುತ್ತಿದ್ದೇವೆ.

ಇನ್ನು ಕರೆಂಟ್ ಉಳಿತಾಯ ಅನ್ನೋ ಮಾತು. ಆಫ್ ಆಗಿದ್ದಾಗಲೂ ವೈಫೈ ಕಾಯುತ್ತಾ ಕೂರುವ ಬಲ್ಬ್ ಅರ್ಧ ವ್ಯಾಟ್ ತಿಂದರೆ ವರ್ಷಕ್ಕೆ 4 ಯೂನಿಟ್ ಚಿಲ್ಲರೆ. 9 ವ್ಯಾಟಿನ ಮಾಮೂಲಿ ಎಲ್ಇಡಿಯನ್ನು ದಿನಾ ಒಂದೂ ಕಾಲು ಗಂಟೆ ಮರೆತು ಉರಿಸಿದರೂ ಹೆಚ್ಚುಕಡಿಮೆ ಅಷ್ಟೇ. ಅಮ್ಮ ಅಷ್ಟೊತ್ತು ಮರೆಯುವವಳಲ್ಲ. ಜೊತೆಗೆ, ರಾತ್ರಿ ಎರಡಕ್ಕೆ ಹೋದ ಕರೆಂಟ್ ವಾಪಸ್ ಬಂದಾಗ ಆರೂ ಬಲ್ಬ್ ಒಟ್ಟಿಗೆ ಝಗ್ ಅಂತ ಹತ್ತಿಕೊಳ್ಳುತ್ತಿದ್ದವು. ಅದನ್ನು ಬದಲಾಯಿಸುವ ಸೆಟ್ಟಿಂಗ್ ಆ್ಯಪಿನ ಐದನೇ ಪರದೆಯಲ್ಲಿತ್ತು.

ಇದಕ್ಕಿಂತ ಚೆನ್ನಾಗಿ ಯೋಚಿಸಿ ಮಾಡಿದ ಸ್ಮಾರ್ಟ್ ಸಾಮಾನನ್ನು ನಾನು ನೋಡಿದ್ದು ಚನ್ನರಾಯಪಟ್ಟಣದ ಕಡೆಯ ತೆಂಗಿನ ತೋಟದಲ್ಲಿ. ಬೋರ್‌ವೆಲ್ಲಿನ ಮೊಬೈಲ್ ಸ್ಟಾರ್ಟರ್. ತ್ರೀಫೇಸ್ ಬಂದಿದೆಯಾ ಅಂತ ಅದೇ ತಿಳಿಸುತ್ತೆ, ಮನೆಯಿಂದ ಫೋನ್ ಮಾಡಿದರೆ ಮೋಟಾರ್ ಆನ್. ಪುಣೆಯ ಸಂತೋಷ್ ಓಸ್ತ್ವಾಲ್ ಅವರ ನ್ಯಾನೋ ಗಣೇಶ್ ಇಂಥದ್ದೇ ಉಪಕರಣ. 2009ರಲ್ಲಿ ಅದಕ್ಕೆ ನೋಕಿಯಾದ ಬಹುಮಾನ ಬಂತು. ನಡುರಾತ್ರಿ ಟಾರ್ಚ್ ಹಿಡಿದು ಹಾವು ಚೇಳಿನ ನಡುವೆ ತೋಟಕ್ಕೆ ಹೋಗುವ ಕಷ್ಟದಿಂದ ಹುಟ್ಟಿದ ಯಂತ್ರ, ನೀಲಿ ಬೆಳಕಿನ ಆಸೆಯಿಂದ ಹುಟ್ಟಿದ್ದಲ್ಲ. ನಾನು ನೋಡಿದ ಆ ಡಬ್ಬದ ಪಕ್ಕ ಸ್ಟಾರ್ಟರಿನ ಹಸಿರು ಗುಂಡಿ, ಕೆಂಪು ಗುಂಡಿ ಇದ್ದಲ್ಲೇ ಇದ್ದವು. ಸಿಮ್ಮಿಗೆ ಕರೆನ್ಸಿ ಮುಗಿದರೂ ತೋಟಕ್ಕೆ ನೀರು ಬಿಡಬಹುದು.

ಮನೆಗೆ ಬಂದು ಬಲ್ಬ್ ಬಿಚ್ಚಿದೆ. ಓನರ್ ಹತ್ತಿರ ಕೇಳಿ, ಎಲೆಕ್ಟ್ರೀಷಿಯನ್ ಕರೆಸಿ, ಮೇನ್ ಆಫ್ ಮಾಡಿಸಿ, ಹಾಲ್ ಮತ್ತು ಅಡುಗೆಮನೆ ಬೋರ್ಡಿನ ಹಿಂದೆ ಒಂದೊಂದು ರಿಲೇ ಹಾಕಿಸಿದೆ. ಶಾಂಘೈನ ಎಸ್ಪ್ರೆಸಿಫ್ ಕಂಪನಿ 2014ರಲ್ಲಿ ಇಎಸ್‌ಪಿ8266 ಚಿಪ್ ತಂದ ಮೇಲೆ ಇವೆಲ್ಲ ಸೋವಿಯಾಗಿವೆ. ಗೋಡೆಯ ಸ್ವಿಚ್ಚನ್ನೂ ಅದಕ್ಕೇ ಜೋಡಿಸಬಹುದು: ಮೆಟ್ಟಿಲಿನ ಲೈಟಿಗೆ ಮೇಲೊಂದು ಕೆಳಗೊಂದು ಸ್ವಿಚ್ ಇರುತ್ತಲ್ಲ, ಹೆಚ್ಚುಕಡಿಮೆ ಹಾಗೆ. ಮನೆ ಬಿಡುವಾಗ ಮತ್ತೆ ಅವರನ್ನೇ ಕರೆಸಿದರೆ ಅರ್ಧ ಗಂಟೆ ಕೆಲಸ. ಗೀಸರ್ ಗೊಡವೆಗೆ ಹೋಗಲಿಲ್ಲ. 2000 ವ್ಯಾಟಿನ ಗೀಸರ್ ಹತ್ತಿರಹತ್ತಿರ 9 ಆಂಪಿಯರ್ ಎಳೆಯುತ್ತೆ, 6 ಆಂಪಿಯರಿನ ಸ್ಮಾರ್ಟ್ ಪ್ಲಗ್ಗಿಗೆ ಅದನ್ನು ಸಿಕ್ಕಿಸಿದರೆ ಪ್ಲಗ್ ಸುಡುತ್ತೆ.

ಟೇಪ್ ಕಿತ್ತ ಕಲೆ ಸ್ವಿಚ್ಚಿನ ಮೇಲೆ ಇನ್ನೂ ಇದೆ. ಮುಂದಿನ ಸಲ ಬಂದಾಗ ಅಮ್ಮ ಟಪ್ ಟಪ್ ಅಂತ ಹಾಕಿ, ಆರಿಸಿ ಓಡಾಡಿದಳು. ಒಂದು ಬೆಳಿಗ್ಗೆ ‘ಐದು ಗಂಟೆಗೇ ಎದ್ದಿದ್ಯಲ್ಲಮ್ಮ’ ಅಂದೆ. ‘ನಿಂಗ್ ಹೆಂಗ್ ಗೊತ್ತಾಯ್ತು?’ ಮೊಬೈಲ್ ತೋರಿಸಿದೆ: ಅಡುಗೆಮನೆ, ಆನ್, 4:52. ಅವಳು ಸ್ವಲ್ಪ ಹೊತ್ತು ನೋಡಿದಳು. ‘ಇದೆಲ್ಲಾ ಬರ್ಕೊಳ್ಳತ್ತಾ ಅದು?’ ಅಂದಳು. ಅವತ್ತೇ ಅಡುಗೆಮನೆಯ ಹಿಸ್ಟರಿ ಆಫ್ ಮಾಡಿದೆ. ಹಾಲಿನದು ಇನ್ನೂ ಇದೆ.