ಗಡ್ಡೆಯೊಳಗಿನ ತಲೆಎಣಿಕೆ: ಇಮ್ಯುನೊಸ್ಕೋರ್ ಎಷ್ಟು ಗಟ್ಟಿ?

2006ರ ಸೆಪ್ಟೆಂಬರ್‌ನಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಐದೇ ಪುಟದ ಒಂದು ಪ್ರಬಂಧ ಬಂತು. ಬರೆದವರು ಪ್ಯಾರಿಸ್ಸಿನ ಜೆರೋಮ್ ಗಾಲೋನ್, ಫ್ರಾಂಕ್ ಪಾಜೆಸ್, ವುಲ್ಫ್ ಹರ್ಮನ್ ಫ್ರಿಡ್ಮನ್ ಮತ್ತವರ ಸಂಗಡಿಗರು. ದೊಡ್ಡ ಕರುಳಿನ ಕ್ಯಾನ್ಸರ್‌ಗೆ ಆಪರೇಷನ್ ಆದವರ ಗಡ್ಡೆಗಳನ್ನು ತೆಗೆದುಕೊಂಡು, ಅವುಗಳೊಳಗೆ ಯಾವ ಜಾತಿಯ ರೋಗನಿರೋಧಕ ಕೋಶಗಳಿವೆ, ಎಷ್ಟು ಒತ್ತಾಗಿವೆ, ಯಾವ ಜಾಗದಲ್ಲಿವೆ ಎಂದು ಅವರು ಎಣಿಸಿದ್ದರು. ರೋಗಿಯ ಮುಂದಿನ ಗತಿಯನ್ನು, ವೈದ್ಯರು ದಶಕಗಳಿಂದ ನೆಚ್ಚಿಕೊಂಡು ಬಂದ 'ಸ್ಟೇಜ್' ಲೆಕ್ಕಕ್ಕಿಂತ ಈ ಎಣಿಕೆ ಚೆನ್ನಾಗಿ ಹೇಳುತ್ತದೆ ಎನ್ನುವುದು ಅವರ ವಾದ. ಮುಂದೆ ಅದಕ್ಕೆ ಇಮ್ಯುನೊಸ್ಕೋರ್ ಎಂಬ ಹೆಸರು ಬಂತು, ಹಿಂದೆಯೇ ಕಂಪನಿಯೂ ಬಂತು. ನನ್ನ ತೀರ್ಪನ್ನು ಮೊದಲೇ ಹೇಳಿಬಿಡುತ್ತೇನೆ: ಎಣಿಕೆ ಗಟ್ಟಿ, ಅದರ ಮೇಲೆ ಕಟ್ಟಿದ ಮಾತು ಅಷ್ಟು ಗಟ್ಟಿಯಲ್ಲ.

ಸ್ಟೇಜ್ ಎಂದರೆ ಗಡ್ಡೆಯ ಜಾತಕ. ಕರುಳಿನ ಗೋಡೆಯನ್ನು ಎಷ್ಟು ಆಳಕ್ಕೆ ಕೊರೆದಿದೆ, ಎಷ್ಟು ದುಗ್ಧಗ್ರಂಥಿಗಳನ್ನು ಹೊಕ್ಕಿದೆ, ಬೇರೆ ಅಂಗಕ್ಕೆ ಹರಡಿದೆಯೇ ಎನ್ನುವುದಷ್ಟೇ ಅದರ ಲೆಕ್ಕ. ಲಂಡನ್ನಿನ ಸೇಂಟ್ ಮಾರ್ಕ್ಸ್ ಆಸ್ಪತ್ರೆಯ ಕತ್ಬರ್ಟ್ ಡ್ಯೂಕ್ಸ್ 1932ರಲ್ಲಿ ಹಾಕಿಕೊಟ್ಟ ದಾರಿ ಅದು. ಫ್ರಾನ್ಸಿನ ಪಿಯರ್ ದೆನ್ವಾ 1940ರ ದಶಕದಲ್ಲಿ ಅದೇ ಜಾಡಿನಲ್ಲಿ ಟಿ-ಎನ್-ಎಮ್ ಪದ್ಧತಿಯನ್ನು ಕಟ್ಟಿದರು. ಗಡ್ಡೆ ಏನು ಮಾಡಿದೆ ಎಂಬುದು ಇದರಲ್ಲಿದೆ. ಗಡ್ಡೆಗೆ ಎದುರಾಗಿ ಮೈ ಏನು ಮಾಡುತ್ತಿದೆ ಎಂಬುದು ಇಲ್ಲ. ಹಾಗಾಗಿಯೇ ಒಂದೇ ಸ್ಟೇಜಿನ ಇಬ್ಬರಲ್ಲಿ ಒಬ್ಬರು ಮೊಮ್ಮಕ್ಕಳ ಮದುವೆ ನೋಡುತ್ತಾರೆ, ಇನ್ನೊಬ್ಬರಿಗೆ ಎರಡೇ ವರ್ಷದಲ್ಲಿ ರೋಗ ಮರಳುತ್ತದೆ. ಗಾಲೋನ್ ತಂಡ ಕೈಹಾಕಿದ್ದು ಈ ಕೊರತೆಗೆ. ಗಡ್ಡೆಯ ನಡುವಿನಲ್ಲೂ ಅಂಚಿನಲ್ಲೂ ಟಿ ಕೋಶಗಳು (ರೋಗನಿರೋಧಕ ಕೋಶಗಳ ಒಂದು ಜಾತಿ) ದಟ್ಟವಾಗಿದ್ದವರು, ರೋಗ ಮುಂದುವರಿದಿದ್ದರೂ ಉಳಿದುಕೊಂಡಿದ್ದರು. ಎರಡೂ ಕಡೆ ವಿರಳವಾಗಿದ್ದವರ ಗತಿ, ಆರಂಭದ ಹಂತದಲ್ಲೇ ಆಪರೇಷನ್ ಆಗಿದ್ದರೂ, ಕೆಟ್ಟದ್ದೇ ಆಗಿತ್ತು.

ಇದು ಹೊಸ ಶೋಧ ಎಂದು ಸಾರಿದವರಿದ್ದಾರೆ. ಅಲ್ಲ. ಗಡ್ಡೆಯಲ್ಲಿ ಬಿಳಿ ರಕ್ತಕಣಗಳಿರುವುದನ್ನು ಜರ್ಮನಿಯ ರುಡಾಲ್ಫ್ ವಿರ್ಕೋ 1863ರಷ್ಟು ಹಿಂದೆಯೇ ಗುರುತಿಸಿದ್ದ. ಡ್ಯೂಕ್ಸ್ ಕೆಲಸ ಮಾಡಿದ ಅದೇ ಸೇಂಟ್ ಮಾರ್ಕ್ಸ್‌ನಲ್ಲಿ 1987ರಲ್ಲಿ ಜೆರೆಮಿ ಜಾಸ್ ಗುದನಾಳದ ಕ್ಯಾನ್ಸರ್‌ಗೆ ಹೊಸದೊಂದು ವರ್ಗೀಕರಣ ಕೊಟ್ಟಾಗ, ಗಡ್ಡೆಯ ಸುತ್ತ ಮುತ್ತಿದ, ಟಿ ಕೋಶಗಳೂ ಸೇರುವ ಬಿಳಿ ರಕ್ತಕಣಗಳಾದ ಲಿಂಫೋಸೈಟ್‌ಗಳಿಗೆ ಅದರಲ್ಲಿ ಜಾಗವಿತ್ತು. 2003ರಲ್ಲಿ ಅಂಡಾಶಯದ ಕ್ಯಾನ್ಸರ್ ಕುರಿತ ಅಮೆರಿಕದ ಅಧ್ಯಯನವೊಂದು, ಗಡ್ಡೆಯೊಳಗೆ ಟಿ ಕೋಶಗಳಿದ್ದ ಹೆಂಗಸರಲ್ಲಿ ಶೇ 38ರಷ್ಟು ಮಂದಿ ಐದು ವರ್ಷ ಬದುಕಿದ್ದರೆ, ಇಲ್ಲದವರಲ್ಲಿ ಬದುಕಿದವರು ಶೇ 4.5 ಮಾತ್ರ ಎಂದು ತೋರಿಸಿತ್ತು. ಇಷ್ಟೆಲ್ಲ ಇದ್ದೂ ರೋಗಿಯ ರಿಪೋರ್ಟಿಗೆ ಈ ಮಾತು ಇಳಿಯಲಿಲ್ಲ. ಜಾಸ್‌ನ ಪದ್ಧತಿ ಬಿದ್ದುಹೋದದ್ದಕ್ಕೆ ಒಂದು ದೊಡ್ಡ ಕಾರಣ, ಒಂದೇ ಸ್ಲೈಡನ್ನು ನೋಡಿದ ಇಬ್ಬರು ಪೆಥಾಲಜಿಸ್ಟರಲ್ಲಿ ಒಬ್ಬರಿಗೆ 'ದಟ್ಟ' ಎನಿಸಿದ್ದು ಇನ್ನೊಬ್ಬರಿಗೆ 'ಸಾಧಾರಣ' ಎನಿಸುತ್ತಿದ್ದದ್ದು.

ಗಾಲೋನ್ ತಂಡಕ್ಕೆ ಸಲ್ಲಬೇಕಾದ ಹೊಗಳಿಕೆ ಇರುವುದು ಇಲ್ಲೇ. ಕಣ್ಣಳತೆಯನ್ನು ಅವರು ಸಂಖ್ಯೆಗೆ ತಂದರು. ಎಲ್ಲ ಟಿ ಕೋಶಗಳಿಗೂ ಇರುವ ಸಿಡಿ3 ಗುರುತು, ಕೊಲ್ಲುವ ಟಿ ಕೋಶಗಳಿಗಿರುವ ಸಿಡಿ8 ಗುರುತು: ಇವೆರಡಕ್ಕೆ ಬಣ್ಣ ಹಾಕಿ, ಸ್ಲೈಡನ್ನು ಸ್ಕ್ಯಾನ್ ಮಾಡಿ, ಕಂಪ್ಯೂಟರಿನಿಂದ ಎಣಿಸುವುದು ಈಗಿನ ಇಮ್ಯುನೊಸ್ಕೋರ್. ಎಣಿಕೆ ಎರಡು ಜಾಗದಲ್ಲಿ ನಡೆಯುತ್ತದೆ, ಗಡ್ಡೆಯ ನಡುವೆ ಮತ್ತು ಆರೋಗ್ಯವಂತ ಅಂಗಾಂಶವನ್ನು ಗಡ್ಡೆ ಒತ್ತಿಕೊಂಡು ಹೋಗುತ್ತಿರುವ ಅಂಚಿನಲ್ಲಿ. ಈ ಅಂಚಿನ ಲೆಕ್ಕವೇ ನನಗೆ ಇಡೀ ಕೆಲಸದಲ್ಲಿ ಅತ್ಯಂತ ಜಾಣತನದ್ದು ಎನಿಸುತ್ತದೆ. ಕೆಲವು ಗಡ್ಡೆಗಳಲ್ಲಿ ಟಿ ಕೋಶಗಳು ಬೇಲಿಯಾಚೆ ನಿಂತ ದನಗಳ ಹಾಗೆ ಅಂಚಿನಲ್ಲೇ ಗುಂಪುಗಟ್ಟಿ, ಒಳಕ್ಕೆ ನುಗ್ಗಲಾರದೆ ಉಳಿದಿರುತ್ತವೆ. ಒಟ್ಟು ಎಷ್ಟಿವೆ ಎಂದಷ್ಟೇ ಕೇಳಿದರೆ ಇದು ಕಾಣುವುದೇ ಇಲ್ಲ.

ಆದರೂ 2006ರ ಪ್ರಬಂಧದಲ್ಲಿ ಒಂದು ಸಡಿಲು ಇತ್ತು. ಹೆಚ್ಚು-ಕಡಿಮೆ ಎಂಬ ಗೆರೆಯನ್ನು ಅವರು ಎಳೆದದ್ದು, ಬದುಕಿದವರನ್ನೂ ಸತ್ತವರನ್ನೂ ಅತಿ ಚೆನ್ನಾಗಿ ಬೇರ್ಪಡಿಸುವ ಜಾಗ ಹುಡುಕಿ. ಫಲಿತಾಂಶ ನೋಡಿ ಗೆರೆ ಎಳೆದರೆ ಫಲಿತಾಂಶ ಇದ್ದುದಕ್ಕಿಂತ ಚೆಂದ ಕಾಣುವುದು ಸಹಜ. ತಂಡ ಈ ಸಾಲವನ್ನು ತೀರಿಸಿತು ಎನ್ನುವುದನ್ನೂ ಹೇಳಬೇಕು. 2018ರಲ್ಲಿ 'ಲ್ಯಾನ್ಸೆಟ್'ನಲ್ಲಿ ಬಂದ ಅಂತರರಾಷ್ಟ್ರೀಯ ಅಧ್ಯಯನದಲ್ಲಿ 13 ದೇಶಗಳ 2,681 ರೋಗಿಗಳಿದ್ದರು; ನಮ್ಮ ಅಹಮದಾಬಾದಿನ ಗುಜರಾತ್ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯೂ ಅದರಲ್ಲಿ ಪಾಲುಗೊಂಡಿತ್ತು. ಒಂದು ಗುಂಪಿನಲ್ಲಿ ಕಂಡದ್ದನ್ನು ಬೇರೆ ಎರಡು ಗುಂಪುಗಳಲ್ಲಿ ಪರೀಕ್ಷಿಸಿ ನೋಡಿದರು. ಮೊದಲ ಗುಂಪಿನಲ್ಲಿ ಐದು ವರ್ಷದೊಳಗೆ ರೋಗ ಮರಳಿದ್ದು ಹೆಚ್ಚಿನ ಸ್ಕೋರಿನವರಲ್ಲಿ ಶೇ 8, ನಡುವಿನವರಲ್ಲಿ ಶೇ 19, ಕಡಿಮೆಯವರಲ್ಲಿ ಶೇ 32. ಉಳಿದ ಗುಂಪುಗಳಲ್ಲೂ ಇದೇ ಒಲವು ಕಂಡಿತು. ಇದನ್ನು ತಳ್ಳಿಹಾಕುವಂತಿಲ್ಲ.

ತಕರಾರು ಶುರುವಾಗುವುದು ಕರುಳಿನ ಮಾತನ್ನು ಕ್ಯಾನ್ಸರ್‌ನ ಮಾತು ಮಾಡಿದಾಗ. ಪತ್ರಿಕೆಗಳಲ್ಲಿ, ಭಾಷಣಗಳಲ್ಲಿ, 'ಗಡ್ಡೆಯಲ್ಲಿ ರೋಗನಿರೋಧಕ ಕೋಶ ಹೆಚ್ಚಿದ್ದರೆ ಒಳ್ಳೆಯದು' ಎಂಬ ಸೂತ್ರ ಓಡಾಡುತ್ತಿದೆ. ಮೂತ್ರಪಿಂಡದ ಕ್ಯಾನ್ಸರ್‌ನಲ್ಲಿ ಇದು ತಿರುಗುಮುರುಗು. ಅಲ್ಲಿ ಸಿಡಿ8 ಕೋಶಗಳು ದಟ್ಟವಾಗಿದ್ದವರ ಗತಿಯೇ ಹೆಚ್ಚಾಗಿ ಕೆಟ್ಟದ್ದು, ಮತ್ತು ಇದನ್ನು ತೋರಿಸಿಕೊಟ್ಟವರಲ್ಲಿ ಫ್ರಿಡ್ಮನ್ ಅವರ ಬಳಗವೂ ಇದೆ! ಸ್ತನ ಕ್ಯಾನ್ಸರ್‌ನ ಒಂದು ಬಗೆಯಲ್ಲಿ ಲಿಂಫೋಸೈಟ್‌ಗಳು ಒಳ್ಳೆಯ ಶಕುನವಾದರೆ, ಹಾರ್ಮೋನಿಗೆ ಸ್ಪಂದಿಸುವ ಇನ್ನೊಂದು ಬಗೆಯಲ್ಲಿ ಅವೇ ಕಡಿಮೆ ಆಯಸ್ಸಿನ ಜೊತೆ ಕಾಣಿಸಿಕೊಂಡಿವೆ. ಇನ್ನು ನಿಯಂತ್ರಕ ಟಿ ಕೋಶಗಳದು ಬೇರೆಯೇ ಕತೆ. ರೋಗನಿರೋಧಕ ವ್ಯವಸ್ಥೆಗೆ ಲಗಾಮು ಹಾಕುವ ಈ ಕೋಶಗಳ ಶೋಧಕ್ಕೆ 2025ರ ನೊಬೆಲ್ ಸಂದಿತು. ಅಂಡಾಶಯದ ಗಡ್ಡೆಯಲ್ಲಿ ಇವು ಹೆಚ್ಚಿದ್ದರೆ ಸಾವು ಬೇಗ ಎಂದು 2004ರಲ್ಲಿ ಕಂಡುಬಂತು. ಕರುಳಿನ ಗಡ್ಡೆಯಲ್ಲಿ ಇವು ಹೆಚ್ಚಿದ್ದವರು ಚೆನ್ನಾಗಿದ್ದದ್ದನ್ನು ಬೇರೆ ಅಧ್ಯಯನಗಳು ತೋರಿಸಿದವು. ಕೋಶ ಒಂದೇ, ಊರು ಬೇರೆಯಾದರೆ ಬುದ್ಧಿಯೂ ಬೇರೆ. ಬರೀ ತಲೆ ಎಣಿಸಿದರೆ ಆ ಕೋಶ ದುಡಿಯುತ್ತಿದೆಯೋ, ದಣಿದು ಕೂತಿದೆಯೋ ತಿಳಿಯುವುದಿಲ್ಲ.

ಕೋಶಗಳು ಕೇವಲ ಸಾಕ್ಷಿಗಳೇ, ನಿಜಕ್ಕೂ ಹೋರಾಡುತ್ತವೆಯೇ? ಇದಕ್ಕೆ ಇಲಿಗಳಲ್ಲಿ ಉತ್ತರವಿದೆ: ಟಿ, ಬಿ ಕೋಶಗಳೇ ಇಲ್ಲದ ಇಲಿಗಳಲ್ಲಿ ಗಡ್ಡೆಗಳು ಹೆಚ್ಚು ಹುಟ್ಟುವುದನ್ನು ರಾಬರ್ಟ್ ಶ್ರೈಬರ್ ಬಳಗ 2001ರಲ್ಲಿ ತೋರಿಸಿತು.

ಹಣದ ಮಾತನ್ನು ಬಿಟ್ಟು ವಿಮರ್ಶೆ ಪೂರ್ತಿಯಾಗದು. ಇಮ್ಯುನೊಸ್ಕೋರ್ ಒಂದು ವ್ಯಾಪಾರಿ ಪರೀಕ್ಷೆ. ಗಾಲೋನ್ ಸಹಸಂಸ್ಥಾಪಕರಾಗಿದ್ದ ಮಾರ್ಸೇಲ್‌ನ ಹಾಲಿಯೊಡಿಎಕ್ಸ್ ಕಂಪನಿ ಅದನ್ನು ಮಾರುಕಟ್ಟೆಗೆ ತಂದಿತು. 2021ರಲ್ಲಿ ಅಮೆರಿಕದ ವೆರಾಸೈಟ್ ಆ ಕಂಪನಿಯನ್ನು ಕೊಂಡುಕೊಂಡಿತು. ಇದರಲ್ಲಿ ಮುಚ್ಚುಮರೆ ಇಲ್ಲ, ತಪ್ಪೂ ಇಲ್ಲ. ಆದರೆ ಅಳತೆಗೋಲು ಮಾಡಿದವರೇ ಅದನ್ನು ಹೊಗಳಿದಾಗ ಓದುಗ ಸ್ವಲ್ಪ ಹಿಂದೆ ಸರಿದು ಕೂರುವುದು ಒಳ್ಳೆಯದು. ಸ್ತನ ಕ್ಯಾನ್ಸರ್ ಕ್ಷೇತ್ರದವರು ಬೇರೆ ಹಾದಿ ಹಿಡಿದರು. ಎಲ್ಲ ಲ್ಯಾಬುಗಳಲ್ಲೂ ದಿನನಿತ್ಯ ಮಾಡುವ ನೇರಳೆ-ಗುಲಾಬಿ ಬಣ್ಣದ ಮಾಮೂಲಿ ಸ್ಲೈಡಿನಲ್ಲೇ ಲಿಂಫೋಸೈಟ್‌ಗಳನ್ನು ಶೇಕಡಾವಾರು ಅಂದಾಜು ಮಾಡುವುದು ಹೇಗೆಂದು 2014ರಲ್ಲಿ ಒಂದು ಅಂತರರಾಷ್ಟ್ರೀಯ ಕಾರ್ಯಪಡೆ ಕೈಪಿಡಿ ಹೊರತಂದಿತು. ಸ್ಕ್ಯಾನರ್ ಬೇಡ, ಪರವಾನಗಿ ಬೇಡ. ಜಾಸ್‌ನ ಹಳೆಯ ಕಷ್ಟ, ಅಂದರೆ ಕಣ್ಣಿನಿಂದ ಕಣ್ಣಿಗೆ ಅಂದಾಜು ಬದಲಾಗುವುದು, ಇಲ್ಲಿಯೂ ಪೂರ್ತಿ ಹೋಗಿಲ್ಲ. ಹಾಗಿದ್ದರೂ ಜಿಲ್ಲಾಸ್ಪತ್ರೆಯ ಪೆಥಾಲಜಿಸ್ಟ್ ನಾಳೆಯೇ ಶುರುಮಾಡಬಹುದಾದ ಕೆಲಸ ಇದು. ನಮ್ಮಂಥ ದೇಶಕ್ಕೆ ಇದೇ ಒಗ್ಗುವುದು ಎನ್ನುವುದು ನನ್ನ ಅಭಿಪ್ರಾಯ.

ಕಡೆಗೆ, ಸ್ಕೋರ್ ಗೊತ್ತಾದರೆ ಚಿಕಿತ್ಸೆ ಬದಲಾಗುತ್ತದೆಯೇ? ಮೂರನೇ ಸ್ಟೇಜಿನ ರೋಗಿಗಳಿಗೆ ಕೀಮೋ ಮೂರು ತಿಂಗಳು ಸಾಕೋ ಆರು ಬೇಕೋ ಎಂದು ಪರೀಕ್ಷಿಸಿದ ಫ್ರೆಂಚ್ ಪ್ರಯೋಗವೊಂದರ ಸ್ಲೈಡುಗಳನ್ನು ಆಮೇಲೆ ಎಣಿಸಿ ನೋಡಿದಾಗ, ಆರು ತಿಂಗಳ ಲಾಭ ಸಿಕ್ಕಿದ್ದು ಸ್ಕೋರ್ ಚೆನ್ನಾಗಿದ್ದವರಿಗೆ. ಕಡಿಮೆಯಿದ್ದವರಿಗೆ ಸ್ಪಷ್ಟ ಲಾಭ ಕಾಣಲಿಲ್ಲ. ಅಪಾಯ ಹೆಚ್ಚಿರುವವರಿಗೆ ಕೀಮೋ ಹೆಚ್ಚು ಕೊಡೋಣ ಎಂಬ ಸಾಮಾನ್ಯ ತರ್ಕಕ್ಕೆ ಇದು ವಿರುದ್ಧ. ಕುತೂಹಲದ ಸಂಗತಿ ಹೌದು, ಆದರೆ ಪ್ರಯೋಗ ಮುಗಿದ ಮೇಲೆ ಹುಡುಕಿದ ಉತ್ತರವನ್ನು ನೆಚ್ಚಿ ಔಷಧ ಬರೆಯುವುದು ಅವಸರ. ಯುರೋಪಿನ ವೈದ್ಯರ ಮಾರ್ಗಸೂಚಿ 2020ರಲ್ಲಿ ಇಮ್ಯುನೊಸ್ಕೋರನ್ನು ಸ್ಟೇಜಿನ ಜೊತೆಗಿಟ್ಟು ನೋಡಬಹುದಾದ ಮಾಹಿತಿ ಎಂದಷ್ಟೇ ಒಪ್ಪಿಕೊಂಡಿತು. ಅಷ್ಟೇ ಅದರ ಯೋಗ್ಯತೆ ಎಂದು ನನಗೂ ಅನಿಸುತ್ತದೆ.

ಇಮ್ಯುನೊಸ್ಕೋರ್‌ಗಿಂತ ಮೊದಲು ಆಗಬೇಕಾದ ಪರೀಕ್ಷೆ ಒಂದಿದೆ. ಡಿಎನ್ಎ ತಪ್ಪುಗಳನ್ನು ತಿದ್ದುವ ನಾಲ್ಕು ಪ್ರೋಟೀನುಗಳು ಗಡ್ಡೆಯಲ್ಲಿವೆಯೇ ಎಂದು ನೋಡುವ ಎಮ್ಎಮ್ಆರ್ ಪರೀಕ್ಷೆ ಅದು. ಈ ದುರಸ್ತಿ ಕೆಟ್ಟ ಗಡ್ಡೆಗಳಿಗೆ ಟಿ ಕೋಶಗಳು ಹೆಚ್ಚಾಗಿ ಮುತ್ತಿರುತ್ತವೆ. ಇಂಥ ಗುದನಾಳದ ಕ್ಯಾನ್ಸರ್ ಇದ್ದ 12 ರೋಗಿಗಳಿಗೆ ಟಿ ಕೋಶಗಳ ಕಟ್ಟು ಬಿಚ್ಚುವ ಡೊಸ್ಟಾರ್ಲಿಮಾಬ್ ಔಷಧ ಕೊಟ್ಟಾಗ ಹನ್ನೆರಡೂ ಮಂದಿಯ ಗಡ್ಡೆ ಮಾಯವಾದದ್ದು 2022ರಲ್ಲಿ ವರದಿಯಾಯಿತು. ಕುಟುಂಬದಲ್ಲಿ ವಂಶಪಾರಂಪರ್ಯವಾಗಿ ಹರಿದು ಕರುಳಿನ ಕ್ಯಾನ್ಸರ್ ಅಪಾಯ ಹೆಚ್ಚಿಸುವ ಲಿಂಚ್ ಸಿಂಡ್ರೋಮ್‌ನ ಸುಳಿವೂ ಇದೇ ಪರೀಕ್ಷೆಯಲ್ಲಿ ಸಿಗುತ್ತದೆ. ನಿಮ್ಮ ಮನೆಯಲ್ಲಿ ಯಾರಿಗಾದರೂ ಕರುಳಿನ ಕ್ಯಾನ್ಸರ್ ಎಂದು ಬಯಾಪ್ಸಿ ರಿಪೋರ್ಟ್ ಬಂದರೆ, ಅದರಲ್ಲಿ ಎಮ್ಎಮ್ಆರ್ ಫಲಿತಾಂಶ ಇದೆಯೇ ನೋಡಿ. ಇಲ್ಲದಿದ್ದರೆ ಡಾಕ್ಟರನ್ನು ಕೇಳಿ.