ಒಗ್ಗರಣೆಯ ಕೀರ್ತಿ, ಅರೆಯುವ ಕಲ್ಲಿನ ಕೆಲಸ

ಮಸಾಲೆ ಪದಾರ್ಥಗಳು ಆಹಾರದಲ್ಲಿನ ರೋಗಾಣುಗಳನ್ನು ಕೊಲ್ಲುತ್ತವೆ, ಸೆಕೆಯ ನಾಡಿನವರು ಖಾರ ತಿನ್ನುವುದು ಆ ಕಾರಣಕ್ಕೇ ಎಂಬ ವಾದಕ್ಕೆ ಸಿಕ್ಕಿರುವ ಮನ್ನಣೆ ಅದರ ಯೋಗ್ಯತೆಯನ್ನು ಮೀರಿದ್ದು. 1998ರಲ್ಲಿ ಜೆನಿಫರ್ ಬಿಲ್ಲಿಂಗ್ ಮತ್ತು ಪಾಲ್ ಶರ್ಮನ್ 36 ದೇಶಗಳ 93 ಅಡುಗೆ ಪುಸ್ತಕಗಳಿಂದ 4,578 ಪಾಕವಿಧಾನಗಳನ್ನು ಆಯ್ದು, 43 ಮಸಾಲೆಗಳ ಬಳಕೆಯನ್ನು ಲೆಕ್ಕಹಾಕಿ, ಹವೆ ಬಿಸಿಯಾದಷ್ಟೂ ಮಸಾಲೆ ಹೆಚ್ಚುತ್ತದೆಂದು ತೋರಿಸಿದ ಪ್ರಬಂಧ ಈ ವಾದದ ಮೂಲಗ್ರಂಥದಂತಾಗಿದೆ. ಅಜ್ಜಿಯ ಮಸಾಲೆ ಡಬ್ಬಿಯೇ ಔಷಧಾಲಯ ಎನ್ನುವ ಆರೋಗ್ಯ ಅಂಕಣಗಳೂ, ವಡಾಪಾವಿನ ಚಟ್ನಿಯಲ್ಲಿ ವಿಜ್ಞಾನ ಕಾಣುವ ಮುಂಬಯಿಯ ಆಹಾರ ಲೇಖಕರೂ ತಿಳಿದೋ ತಿಳಿಯದೆಯೋ ಇದನ್ನೇ ನೆಚ್ಚಿಕೊಂಡಿದ್ದಾರೆ.

ಸಸ್ಯಜನ್ಯ ರಾಸಾಯನಿಕಗಳು ಬ್ಯಾಕ್ಟೀರಿಯಾಗಳನ್ನು ಕೊಲ್ಲಬಲ್ಲವು ಎಂಬುದರಲ್ಲಿ ವಿವಾದವಿಲ್ಲ. ಲವಂಗದ ಯೂಜೆನಾಲ್, ದಾಲ್ಚಿನ್ನಿಯ ಸಿನ್ನಮಾಲ್ಡಿಹೈಡ್, ಓಮದ ಥೈಮಾಲ್ ಇವೆಲ್ಲ ಎಣ್ಣೆಗೆ ಒಲಿಯುವ ಅಣುಗಳಾದ್ದರಿಂದ ಬ್ಯಾಕ್ಟೀರಿಯಾದ ಕೋಶಪೊರೆಗೆ, ಅಂದರೆ ಜೀವಕೋಶವನ್ನು ಸುತ್ತುವರಿದ ಕೊಬ್ಬಿನ ತೆಳುಪದರಕ್ಕೆ, ನುಗ್ಗಿ ಅದನ್ನು ಸೋರುವಂತೆ ಮಾಡುತ್ತವೆ. ನೆದರ್ಲೆಂಡ್ಸ್‌ನ ಸಂಶೋಧಕರು 2002ರಲ್ಲಿ ಥೈಮಾಲಿನ ಸೋದರ ಅಣುವಾದ ಕಾರ್ವಕ್ರಾಲನ್ನು, ಅನ್ನದಲ್ಲಿ ಬೆಳೆದು ವಾಂತಿ ತರುವ ಬ್ಯಾಸಿಲಸ್ ಸೀರಿಯಸ್ ಮೇಲೆ ಪ್ರಯೋಗಿಸಿದಾಗ, ಅದರ ಕೊಲ್ಲುವ ಶಕ್ತಿ ಇರುವುದು ಆಮ್ಲಜನಕ ಮತ್ತು ಜಲಜನಕಗಳ ಒಂದು ಚಿಕ್ಕ ಜೋಡಿಯಲ್ಲಿ, ಅಂದರೆ ಹೈಡ್ರಾಕ್ಸಿಲ್ ಗುಂಪಿನಲ್ಲಿ, ಎಂದು ಕಂಡುಬಂತು; ಆ ಗುಂಪಿಲ್ಲದ ಸೈಮೀನ್ ಎಂಬ ಅಣು ಪೊರೆಯೊಳಗೆ ಸೇರಿ ಅದನ್ನು ಉಬ್ಬಿಸಿದರೂ ಬ್ಯಾಕ್ಟೀರಿಯಾವನ್ನು ಕೊಲ್ಲಲಿಲ್ಲ. ಸಾಲ್ಮೊನೆಲ್ಲಾ, ಇ. ಕೋಲೈಗಳಂಥವಕ್ಕೆ ಹೊರಗೆ ಇನ್ನೊಂದು ಪೊರೆಯಿದ್ದು, ಅದು ಈ ಎಣ್ಣೆಯಂಥ ಅಣುಗಳನ್ನು ತಡೆಯುವುದರಿಂದ, ಅವನ್ನು ಮಣಿಸುವುದು ಸಾಮಾನ್ಯವಾಗಿ ಹೆಚ್ಚು ಕಷ್ಟ. ಇಷ್ಟು ಪ್ರಯೋಗಾಲಯದ ಸತ್ಯ.

ಇದೇ ಸತ್ಯವನ್ನು ಅಡುಗೆಮನೆಗೆ ತಂದಾಗ ಏನಾಗುತ್ತದೆ ಎಂಬುದನ್ನು ಮುಂಬಯಿಯ ಉಡುಪಿ ಹೋಟೆಲುಗಳ ಮಾಟುಂಗಾದಲ್ಲಿ ಇಡ್ಲಿಯ ಜೊತೆ ಬರುವ ತೆಂಗಿನಕಾಯಿ ಚಟ್ನಿಯಲ್ಲಿ ನೋಡಬಹುದು. ನೀರು, ಕೊಬ್ಬು, ಸಸಾರಜನಕ, ಇಲ್ಲವೇ ಇಲ್ಲವೆನ್ನುವಷ್ಟು ಹುಳಿ: ಬ್ಯಾಕ್ಟೀರಿಯಾಕ್ಕೆ ಬೇಕಾದುದೆಲ್ಲ ಇರುವ ಈ ಚಟ್ನಿಯನ್ನು ಮೇಲಿನ ಒಗ್ಗರಣೆ ಕಾಯುತ್ತದೆ ಎನ್ನುವುದು ಜನಪ್ರಿಯ ನಂಬಿಕೆ, ಒಗ್ಗರಣೆಯಲ್ಲಿ ಸಾಸಿವೆ ಇದೆ, ಸಾಸಿವೆಯ ಘಾಟು ಬ್ಯಾಕ್ಟೀರಿಯಾಕ್ಕೆ ವಿಷ ಎಂಬುದು ಅದರ ಸಮರ್ಥನೆ. ಆದರೆ ಆ ಘಾಟು ಇಡೀ ಕಾಳಿನಲ್ಲಿ ಇರುವುದೇ ಇಲ್ಲ. ಕಾಳಿನೊಳಗೆ ಸಿನಿಗ್ರಿನ್ ಎಂಬ ನಿರುಪದ್ರವಿ ವಸ್ತುವೂ ಮೈರೊಸಿನೇಸ್ ಎಂಬ ಕಿಣ್ವವೂ ಬೇರೆಬೇರೆ ಕೋಣೆಗಳಲ್ಲಿರುತ್ತವೆ, ಕಿಣ್ವವೆಂದರೆ ರಾಸಾಯನಿಕ ಕ್ರಿಯೆಯನ್ನು ಚುರುಕುಗೊಳಿಸುವ ಪ್ರೋಟೀನು. ಕಾಳನ್ನು ಅರೆದು, ನೀರು ಸೋಕಿದಾಗಲೇ ಎರಡೂ ಕೂಡಿ ಅಲೈಲ್ ಐಸೋಥಯೋಸಯನೇಟ್ ಎಂಬ ಘಾಟಿನ ದ್ರವ ಹುಟ್ಟಿ, ಅದು ಬ್ಯಾಕ್ಟೀರಿಯಾದ ಪ್ರೋಟೀನುಗಳಲ್ಲಿನ ಗಂಧಕದ ತುದಿಗಳಿಗೆ ಅಂಟಿಕೊಂಡು ಅವುಗಳ ಕೆಲಸ ಕೆಡಿಸುತ್ತದೆ. ಕಾದ ಎಣ್ಣೆಗೆ ಬಿದ್ದು ಚಟಪಟ ಸಿಡಿದ ಕಾಳಿನಲ್ಲಿ ಕಿಣ್ವ ಬಹುಮಟ್ಟಿಗೆ ಬೆಂದು ಸತ್ತಿರುತ್ತದೆ, ಆಮೇಲೆ ಅದನ್ನು ಎಷ್ಟು ಅಗಿದರೂ ಮೂಗಿಗೆ ಏರುವ ಘಾಟು ಬಾರದೆ ಹುರಿದ ಕಡಲೆಯಂಥ ರುಚಿಯಷ್ಟೇ ಉಳಿಯುವುದೇ ಇದಕ್ಕೆ ನಾಲಿಗೆ ಹೇಳುವ ಸಾಕ್ಷಿ. ಚಟ್ನಿಯ ಮೇಲಿನ ಸಾಸಿವೆ ರುಚಿಗೆ, ಕಣ್ಣಿಗೆ, ರಕ್ಷಣೆಗಲ್ಲ.

ಹಾಗೆಂದು ಸಾಸಿವೆ ನಿರುಪಯೋಗಿ ಎಂದಲ್ಲ. ಕರಾವಳಿಯವರು ಮಾವಿನ ಹಣ್ಣಿಗೆ ತೆಂಗಿನಕಾಯಿಯ ಜೊತೆ ಹಸಿ ಸಾಸಿವೆ ಅರೆದು ಹಾಕಿ, ಒಲೆಯ ಮೇಲಿಡದೆ ಮಾಡುವ ‘ಸಾಸಿವೆ’ ಎಂಬ ವ್ಯಂಜನದಲ್ಲಿ, ಹಸಿ ಸಾಸಿವೆಯ ಹಿಟ್ಟನ್ನು ಮೆಣಸಿನೊಡನೆ ಕಾಯಿಸಿ ಆರಿಸಿದ ಉಪ್ಪುನೀರಿಗೆ ಕಲಸುವ ಮಿಡಿ ಉಪ್ಪಿನಕಾಯಿಯಲ್ಲಿ, ಆ ರಾಸಾಯನಿಕ ಕ್ರಿಯೆ ನಡೆದೇ ತೀರುತ್ತದೆ. ಉಪ್ಪಿನಕಾಯಿಯಲ್ಲಂತೂ ಉಪ್ಪು ಮತ್ತು ಹುಳಿಗಳು ಅದರ ಬೆನ್ನಿಗೆ ನಿಲ್ಲುತ್ತವೆ. ಒಂದೇ ಕಾಳು ಒಂದು ಪಾತ್ರೆಯಲ್ಲಿ ಆಯುಧ, ಇನ್ನೊಂದರಲ್ಲಿ ಅಲಂಕಾರ. ಪಾಕವಿಧಾನದ ಸಾಮಗ್ರಿಪಟ್ಟಿಯಲ್ಲಿ ಮಾತ್ರ ಎರಡು ಕಡೆಯೂ ‘ಸಾಸಿವೆ, ಒಂದು ಚಮಚ’ ಎಂದೇ ಇರುತ್ತದೆ. ಬಿಲ್ಲಿಂಗ್ ಮತ್ತು ಶರ್ಮನ್ ಎಣಿಸಿದ್ದು ಇಂಥ ಸಾಲುಗಳನ್ನೇ.

ಬೆಳ್ಳುಳ್ಳಿಯದೂ ಇದೇ ಕಥೆ. ಅವರ ಪಟ್ಟಿಯ ಅಗ್ರಸ್ಥಾನಿಗಳಲ್ಲಿ ಒಂದಾದ ಬೆಳ್ಳುಳ್ಳಿಯ ಕೊಲ್ಲುವ ಅಣು ಅಲಿಸಿನ್, 1944ರಲ್ಲೇ ಬೇರ್ಪಡಿಸಲ್ಪಟ್ಟದ್ದು, ಎಸಳನ್ನು ಹಸಿಯಾಗಿ ಜಜ್ಜಿದಾಗ ಮಾತ್ರ ಹುಟ್ಟುತ್ತದೆ. ವಡಾಪಾವಿನ ಕೆಂಪು ಒಣಚಟ್ನಿಗೆ ಹಾಕುವ ಎಸಳುಗಳನ್ನು ಅನೇಕರು ಮೊದಲೇ ಹುರಿದುಬಿಡುತ್ತಾರೆ. ಆ ಚಟ್ನಿ ಕೆಡದಿರುವುದು ನೀರಿಲ್ಲದ್ದರಿಂದ ಎಂದು ಯಾವ ಗೃಹಿಣಿಯೂ ಹೇಳಬಲ್ಲಳು. 1985ರಲ್ಲಿ ಕೆನಡಾದ ವ್ಯಾಂಕೂವರಿನ ಉಪಾಹಾರಗೃಹವೊಂದರಲ್ಲಿ ಎಣ್ಣೆಯಲ್ಲಿಟ್ಟ ಕೊಚ್ಚಿದ ಬೆಳ್ಳುಳ್ಳಿಯಿಂದಲೇ 36 ಮಂದಿಗೆ ಬಾಟುಲಿಸಂ, ಅಂದರೆ ನರಗಳನ್ನು ಸ್ತಬ್ಧಗೊಳಿಸುವ ಆಹಾರವಿಷ, ತಗಲಿತು. ಮಸಾಲೆಯ ಮಹಿಮೆ ಹಾಡುವವರು ಈ ಪ್ರಸಂಗವನ್ನು ಎತ್ತುವುದು ಅಪರೂಪ.

ಪ್ರಮಾಣದ ಪ್ರಶ್ನೆಯಂತೂ ಇನ್ನೂ ನಿಷ್ಠುರವಾದದ್ದು. ಪಾನಿಪುರಿಯ ಒಂದು ಲೀಟರ್ ಪಾನಿಗೆ ಧಾರಾಳವಾಗಿ 2 ಗ್ರಾಂ ಓಮ ಹಾಕಿದರೆಂದು ಇಟ್ಟುಕೊಳ್ಳೋಣ. ಓಮದಲ್ಲಿ ಶೇಕಡಾ 3ರಷ್ಟು ತೈಲ, ತೈಲದಲ್ಲಿ ಅರ್ಧ ಥೈಮಾಲ್ ಎಂದು ಹಿಡಿದರೆ, ಅಷ್ಟೂ ನೀರಿಗೆ ಇಳಿದರೂ ಲೀಟರಿಗೆ 30 ಮಿಲಿಗ್ರಾಂ ಮಾತ್ರ. ಇ. ಕೋಲೈಯ ಬೆಳವಣಿಗೆ ತಡೆಯಲು ಪ್ರಯೋಗಾಲಯದ ತಿಳಿಸಾರಿನಲ್ಲೇ ನೂರಾರು ಮಿಲಿಗ್ರಾಂ ಬೇಕು, ಕೊಬ್ಬು ಮತ್ತು ಪ್ರೋಟೀನುಗಳು ಅಣುವನ್ನು ಹಿಡಿದಿಟ್ಟುಕೊಳ್ಳುವ ನಿಜವಾದ ಆಹಾರದಲ್ಲಿ ಅದಕ್ಕಿಂತ ಹಲವು ಪಟ್ಟು ಹೆಚ್ಚು ಬೇಕು ಎಂದು ಸಾರಾ ಬರ್ಟ್ ಅವರ 2004ರ ಸಮೀಕ್ಷೆ ಸ್ಪಷ್ಟಪಡಿಸಿದೆ. ಅಷ್ಟು ಓಮ ಸುರಿದ ಪಾನಿಯನ್ನು ಯಾರೂ ಎರಡನೆಯ ಪುರಿಗೆ ಮುಟ್ಟಲಾರರು. ಆ ಪಾನಿಗೆ ರಕ್ಷಣೆಯೇನಾದರೂ ಇದ್ದರೆ ಅದು ಹುಣಸೆಯ ಹುಳಿಯಿಂದ ಮತ್ತು, ಅದಕ್ಕಿಂತ ಮೊದಲು, ಹಾಕಿದ ನೀರು ಮತ್ತು ಮಂಜುಗಡ್ಡೆಗಳ ಶುದ್ಧಿಯಿಂದ.

2021ರಲ್ಲಿ ಲಿಂಡೆಲ್ ಬ್ರಾಮ್‌ಹಮ್ ಮತ್ತು ಸಂಗಡಿಗರು 70 ಪಾಕಪದ್ಧತಿಗಳ 33,750 ಪಾಕವಿಧಾನಗಳನ್ನು ಜಾಲಿಸಿ ಹಳೆಯ ವಾದವನ್ನು ಖಂಡಿಸಿದಾಗ ವಿಮರ್ಶಕರು ವಿಷಯ ಇತ್ಯರ್ಥವಾಯಿತೆಂದು ಸಂಭ್ರಮಿಸಿದರು. ಮಸಾಲೆಯ ಬಳಕೆ ಆಹಾರಜನ್ಯ ರೋಗಗಳೊಡನೆ ಹೊಂದುವಷ್ಟೇ ರಸ್ತೆ ಅಪಘಾತದ ಸಾವುಗಳೊಡನೆಯೂ ಹೊಂದುತ್ತದೆ ಎಂಬ ಅವರ ಚುಚ್ಚುಮಾತು ಸರಿಯಾದ ಕಡೆಗೇ ತಗಲಿದೆ. ಆದರೆ ಈ ಖಂಡನೆಯೂ ಪಟ್ಟಿಯನ್ನು ಪಟ್ಟಿಯಿಂದಲೇ ಸೋಲಿಸುವ ಉದ್ಯೋಗ. ಎಣಿಕೆ ಏಳು ಪಟ್ಟಿಗಿಂತ ಹೆಚ್ಚಾಯಿತು, ಬಾಣಲೆ ಮಾತ್ರ ಎರಡೂ ಎಣಿಕೆಗಳಿಗೆ ಸಿಗಲಿಲ್ಲ. ಅರೆದರೇ, ಹುರಿದರೇ, ಕುದಿಯುವಾಗ ಹಾಕಿದರೇ, ಇಳಿಸಿದ ಮೇಲೆ ಉದುರಿಸಿದರೇ ಎಂಬುದನ್ನು ಕೇಳದ ಸಂಖ್ಯಾಶಾಸ್ತ್ರ ಮಸಾಲೆಯ ಪರವಾಗಿಯಾಗಲಿ ವಿರುದ್ಧವಾಗಿಯಾಗಲಿ ತೀರ್ಪು ಕೊಡಲಾರದು. ಶರ್ಮನ್ 2001ರಲ್ಲಿ ಇನ್ನೊಬ್ಬರೊಡಗೂಡಿ, ತರಕಾರಿ ಬೇಗ ಕೆಡುವುದಿಲ್ಲವಾದ್ದರಿಂದ ಸಸ್ಯಾಹಾರದ ಅಡುಗೆಗಳಲ್ಲಿ ಮಸಾಲೆ ಕಡಿಮೆ ಎಂದು ವಾದಿಸಿದ್ದೂ ಇಂಥದೇ ಎಣಿಕೆಯ ಫಲ. ಸರಾಸರಿಯ ಮಟ್ಟಿಗೆ ಅದು ನಿಲ್ಲಬಹುದು, ಎ. ರಾಮ ನಾಯಕರು 1942ರಲ್ಲಿ ಮಾಟುಂಗಾದಲ್ಲಿ ಆರಂಭಿಸಿದ ಉಡುಪಿ ಶ್ರೀಕೃಷ್ಣ ಬೋರ್ಡಿಂಗಿನ ಸಾಂಬಾರು, ರಸಂಗಳ ಮುಂದೆ ಅದಕ್ಕೆ ಹೇಳಲು ಹೆಚ್ಚೇನೂ ಇಲ್ಲ.

ಈ ಎಣಿಕೆಗಳಿಗೆ ಸಿಗದ ಇನ್ನೊಂದು ಸಂಗತಿ, ಮಸಾಲೆಯೇ ಬ್ಯಾಕ್ಟೀರಿಯಾಗಳ ವಾಹನವೂ ಹೌದು ಎಂಬುದು. ಅಂಗಳದಲ್ಲಿ ಒಣಗುವ ಮೆಣಸು, ಕೊತ್ತಂಬರಿಗಳಿಗೆ ಮಣ್ಣಿನಿಂದ, ಹಕ್ಕಿ ಇಲಿಗಳಿಂದ ಅಂಟುವ ಬ್ಯಾಸಿಲಸ್ಸಿನ ಬೀಜಕಗಳು, ಅಂದರೆ ಬರವನ್ನೂ ಬಿಸಿಯನ್ನೂ ತಾಳಿ ಮಲಗಿರುವ ರೂಪಗಳು, ಮತ್ತು ಸಾಲ್ಮೊನೆಲ್ಲಾ ಆ ಮಸಾಲೆಯ ತೈಲದ ನಡುವೆಯೇ ತಿಂಗಳುಗಟ್ಟಲೆ ಬದುಕಿರುತ್ತವೆ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2007ರಿಂದ 2009ರವರೆಗೆ ಪರೀಕ್ಷಿಸಿದ ಆಮದು ಮಸಾಲೆಗಳಲ್ಲಿ ಶೇಕಡಾ 7ರ ಆಸುಪಾಸಿನಷ್ಟರಲ್ಲಿ ಸಾಲ್ಮೊನೆಲ್ಲಾ ಸಿಕ್ಕಿತ್ತು. ನವಿಮುಂಬಯಿಯ ವಾಶಿಯಲ್ಲಿ, ಸಗಟು ಮಸಾಲೆ ಮಾರುಕಟ್ಟೆಯಿರುವ ಊರಿನಲ್ಲೇ, 2000ದಿಂದ ಅಣುಶಕ್ತಿ ಇಲಾಖೆಯ ಘಟಕವೊಂದು ಕೋಬಾಲ್ಟ್-60ರ ಗಾಮಾ ಕಿರಣಗಳನ್ನು ಹಾಯಿಸಿ ಮಸಾಲೆಗಳ ರೋಗಾಣುಗಳನ್ನು ಕೊಲ್ಲುತ್ತಿದೆ. ಇದಕ್ಕೆ ನಿಯಮಗಳು 6ರಿಂದ 14 ಕಿಲೋಗ್ರೇ ಪ್ರಮಾಣವನ್ನು ಒಪ್ಪಿವೆ. ಬೇಸಿಗೆಗೆ ಮುನ್ನ ಮುಂಬಯಿಯ ಲಾಲ್‌ಬಾಗಿನ ಮಿರ್ಚಿ ಗಲ್ಲಿಯಲ್ಲಿ ಮಸಾಲೆ ಹುರಿದು ಕುಟ್ಟುವಾಗ ಬೀದಿಯೆಲ್ಲ ಘಮಘಮಿಸುವುದು ಹಾರಿಹೋಗುತ್ತಿರುವ ಆ ತೈಲವೇ ಆದರೂ, ಹುರಿಯುವ ಬಿಸಿ ಸಾಲ್ಮೊನೆಲ್ಲಾವನ್ನು ಮಟ್ಟಹಾಕುವುದರಿಂದ ಅಲ್ಲಿ ನಷ್ಟಕ್ಕಿಂತ ಲಾಭವೇ ಹೆಚ್ಚು. ಅಪಾಯವಿರುವುದು ಹುರಿಯದೆ ಪುಡಿಮಾಡಿ, ಬೆಂದು ಶುದ್ಧವಾದ ಪದಾರ್ಥದ ಮೇಲೆ ಕೊನೆಯಲ್ಲಿ ಉದುರಿಸುವ ಮಸಾಲೆಯಲ್ಲಿ; ಅಲ್ಲಿ ರೋಗಾಣು ಬರುವುದು ಪುಡಿಯಿಂದ ಆಹಾರಕ್ಕೆ, ಮತ್ತು ಅದನ್ನು ತಡೆಯಲು ಆಮೇಲೆ ಒಲೆಯೂ ಇರುವುದಿಲ್ಲ.