ಕ್ಯಾಲೆಂಡರಿನ ಅಕ್ಕ

ಹೊಸ ವರ್ಷ ಬಂತೆಂದರೆ ಅಂಗಡಿ, ಸಹಕಾರಿ ಬ್ಯಾಂಕು, ಮಠಗಳಿಂದ ಕ್ಯಾಲೆಂಡರುಗಳು ಮನೆಮನೆಗೆ ಬರುತ್ತವೆ. ಅವುಗಳಲ್ಲಿ ಅಕ್ಕಮಹಾದೇವಿಯ ಚಿತ್ರವನ್ನು ವಾಚಕರು ಒಮ್ಮೆ ಲಕ್ಷ್ಯವಿಟ್ಟು ನೋಡಬೇಕು. ಹಿಂದೆ ಜಲಪಾತ, ಪಕ್ಕದಲ್ಲಿ ಜಿಂಕೆ; ತಿದ್ದಿದ ಹುಬ್ಬು, ಬಣ್ಣದ ತುಟಿ, ತಲೆಯ ಸುತ್ತ ವಿದ್ಯುದ್ದೀಪದಂಥ ಪ್ರಭೆ. ಕೂದಲಿನ ಹೊಳಪನ್ನು ಕಂಡರೆ ಇದು ಕೇಶತೈಲದ ಜಾಹೀರಾತೇ ಎಂಬ ಶಂಕೆ ಮೂಡುತ್ತದೆ. ಒಮ್ಮೊಮ್ಮೆ ಕೆಳಗೆ ಆಭರಣದಂಗಡಿಯ ಹೆಸರು! ಅರಮನೆಯನ್ನು ತೊರೆದು ಹೊರಟವಳ ಪಾದದ ಬುಡದಲ್ಲಿ ಚಿನ್ನದ ವ್ಯಾಪಾರ.

ಇಂಥ ವಸ್ತುಗಳಿಗೆ ಜರ್ಮನರು ‘ಕಿಚ್’ ಎನ್ನುವರು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಮ್ಯೂನಿಕ್ ನಗರದ ಚಿತ್ರವ್ಯಾಪಾರದಲ್ಲಿ ಬಳಕೆಗೆ ಬಂದ ಮಾತು. (ನಮ್ಮ ಕಿಚ್ಚಿಗೂ ಇದಕ್ಕೂ ನಂಟಿಲ್ಲ, ಇದರಲ್ಲಿ ಬಿಸಿಯೇ ಇಲ್ಲ.) ಅಗ್ಗದ ಚಿತ್ರವೆಲ್ಲ ಹೀಗೆಂದು ನಾವು ಹೇಳುತ್ತಿಲ್ಲ. 1894ರಲ್ಲಿ ಮುಂಬಯಿಯಲ್ಲಿ ಆರಂಭವಾದ ರವಿವರ್ಮರ ಮುದ್ರಣಾಲಯವು ಗುಡಿಯ ಹೊಸ್ತಿಲು ದಾಟಗೊಡದಿದ್ದವರ ಮನೆಗೂ ದೇವರನ್ನು ಮುಟ್ಟಿಸಿತು. ಅದು ಸಣ್ಣ ಉಪಕಾರವಲ್ಲ. ಕಲಬುರಗಿಯ ಎಸ್. ಎಂ. ಪಂಡಿತರು (1916–1993) ಕ್ಯಾಲೆಂಡರಿಗೆಂದು ಬರೆದುದರಲ್ಲಿಯೂ ಪಳಗಿದ ಕೈ ಕಾಣುತ್ತದೆ. ದೋಷವಿರುವುದು ಬೆಲೆಯಲ್ಲಲ್ಲ, ಬಣ್ಣದಲ್ಲಲ್ಲ. ಕಠಿನವಾದುದನ್ನು ಮೆತ್ತಗೆ ಮಾಡಿ, ನೋಡುವವನಿಗೆ ಯಾವ ಶ್ರಮವನ್ನೂ ಕೊಡದೆ, ಭಕ್ತಿ ಉಂಟಾಯಿತೆಂಬ ಭ್ರಮೆಯನ್ನು ಒದಗಿಸುವಲ್ಲಿ ಅದು ಇದೆ.

ಆ ಕೂದಲನ್ನೇ ತೆಗೆದುಕೊಳ್ಳೋಣ. ಶೂನ್ಯಸಂಪಾದನೆಯಲ್ಲಿ ಪ್ರಭುದೇವರು ಆಕೆಗೆ ಹಾಕುವ ಪ್ರಶ್ನೆ ನಿರ್ದಯವಾದುದು: ಸೀರೆಯ ಹಂಗು ಹರಿದ ಮೇಲೆ ಕೂದಲನ್ನೇಕೆ ಮರೆಮಾಡಿಕೊಂಡೆ? ಈ ಮರೆ ತನಗಾಗಿ ಅಲ್ಲ, ಕಂಡವರಿಗೆ ನೋವಾದೀತೆಂದು ಎಂಬ ಅರ್ಥದಲ್ಲಿ ಆಕೆ ಉತ್ತರಿಸುತ್ತಾಳೆ. ಅಲ್ಲಿ ಕೂದಲು ಒಂದು ವಾದ. ಶರಣರ ಸಭೆಯ ಎದುರು ನಿಂತು ಹೆಣ್ಣೊಬ್ಬಳು ಗೆದ್ದ ವಾದ. ಕ್ಯಾಲೆಂಡರಿನಲ್ಲಿ ಅದು ಅಲಂಕಾರ. ಯಾವ ದೃಷ್ಟಿಯನ್ನು ತಡೆಯಲೆಂದು ಆ ಮರೆ ಬಂದಿತೋ ಆ ದೃಷ್ಟಿಯನ್ನೇ ಅದು ಈಗ ಕೈಬೀಸಿ ಕರೆಯುತ್ತಿದೆ. ವಚನಗಳನ್ನು ಸಿನಿಮಾ ಧಾಟಿಗೆ ಹೊಂದಿಸಿ ಹಾಡುವುದೂ ಇದೇ ಜಾತಿಯದು. ಅದನ್ನು ಇಲ್ಲಿ ಬೆಳೆಸುವುದಿಲ್ಲ.

ಭಾವ ಶುದ್ಧವಾಗಿದ್ದರೆ ಚಿತ್ರ ಹೇಗಿದ್ದರೇನು ಎಂದು ಕೆಲವರು ಕೇಳಬಹುದು. ಭಾವವೆಂಬುದು ಬರಿಗಾಳಿಯಲ್ಲಿ ಬೆಳೆಯುವುದಿಲ್ಲ. ಅಕ್ಕನ ಕಾಲದ ಭಾವಚಿತ್ರ ಯಾವುದೂ ಇಲ್ಲವಾದ್ದರಿಂದ ಗೋಡೆಯ ಮೇಲಿರುವವಳೇ ಮಕ್ಕಳ ಪಾಲಿಗೆ ಅಕ್ಕ. ಹಸಿವಾದರೆ ಊರೊಳಗಿನ ಭಿಕ್ಷೆ, ಮಲಗಲು ಹಾಳು ದೇಗುಲ ಎಂದು ಬಾಳಿದವಳ ಮಾತನ್ನು ಆ ಮಗು ಮುಂದೆ ಚಿತ್ರತಾರೆಯ ದನಿಯಲ್ಲಿ ಕೇಳಿಸಿಕೊಳ್ಳುವುದು. ಮುಖವೇ ಇಲ್ಲದ ಇಷ್ಟಲಿಂಗವನ್ನು ಅಂಗೈಯಲ್ಲಿರಿಸಿ ದೃಷ್ಟಿ ನಿಲ್ಲಿಸುವುದನ್ನು ಕಲಿಸಿದ ಧರ್ಮದಲ್ಲಿ ಕಣ್ಣಿಗೆ ಇಂಥ ದುರ್ಗತಿ ಬರಬಾರದಿತ್ತು.

ಮಠಗಳ ಕ್ಯಾಲೆಂಡರುಗಳೂ ಇದಕ್ಕೆ ಹೊರತಲ್ಲ. ಮುಂದಿನ ವರ್ಷದ ಚಿತ್ರ ಬರೆಸುವವರು ಕಲಾವಿದನ ಕೈಗೆ ಶೂನ್ಯಸಂಪಾದನೆಯ ಆ ಪ್ರಸಂಗವನ್ನು ಮೊದಲು ಕೊಡಲಿ. ಓದಿದ ಮೇಲೂ ಜಿಂಕೆ ಬೇಕೆನಿಸಿದರೆ ಆತ ಬರೆಯಲಿ.